ಕೆಲಸಗಾರರ ಬೆನ್ನು ತಟ್ಟುವುದು ಹೇಗೆ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಘಟಕಗಳಿಗಾಗಿ ಪದೇ ಪದೇ ಕೇಳುವ ಪ್ರಶ್ನೆಗಳು

ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿ, ನರಸಾಪುರ, ವೇಮಗಲ್, ಮಾಲೂರು, ಗೌರಿಬಿದನೂರು ಕಡೆಯ ಸಣ್ಣ ಮತ್ತು ಮಧ್ಯಮ ಘಟಕಗಳ ಮಾಲೀಕರು, ಎಚ್‌ಆರ್ ಸಿಬ್ಬಂದಿ, ಸೂಪರ್‌ವೈಸರ್‌ಗಳು ಕೇಳುವ ಪ್ರಶ್ನೆಗಳು ಇಲ್ಲಿವೆ. 20ರಿಂದ 300 ಜನ ಕೆಲಸ ಮಾಡುವ ಜಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದೆ. ಶಾಲೆ, ನರ್ಸಿಂಗ್ ಹೋಮ್, ಸಹಕಾರ ಸಂಘಗಳಿಗೂ ಹೆಚ್ಚುಕಡಿಮೆ ಹೊಂದುತ್ತದೆ.

ಒಳ್ಳೆ ಕೆಲಸ ಮಾಡಲೆಂದೇ ತಾನೆ ಸಂಬಳ ಕೊಡುವುದು? ಅದರ ಮೇಲೆ ಮೆಚ್ಚುಗೆ ಬೇರೆ ಯಾಕೆ?

ಸಂಬಳ ಸಿಗುವುದು ಹಾಜರಾದದ್ದಕ್ಕೆ, ಹೇಳಿದ್ದನ್ನು ಮಾಡಿದ್ದಕ್ಕೆ. ಆದರೆ ಕಾರ್ಖಾನೆಯ ಅರ್ಧ ಕೆಲಸ ಯಾರೂ ಹೇಳದೆ ನಡೆಯುತ್ತದೆ. ಮೋಟರಿನ ಸದ್ದು ಬದಲಾದದ್ದನ್ನು ಗಮನಿಸಿ ಬೇರಿಂಗ್ ಹೋಗುವ ಮೊದಲೇ ಮೇಂಟೆನೆನ್ಸ್‌ನವರನ್ನು ಕರೆಯುವುದು, ಹೊಸ ಹುಡುಗನಿಗೆ ಅಳತೆಯ ವರ್ನಿಯರ್ ಹಿಡಿಯಲು ಕಲಿಸುವುದು, ಮುಂದಿನ ಪಾಳಿಯವರಿಗಾಗಿ ಟೇಬಲ್ ಚೊಕ್ಕ ಮಾಡಿಟ್ಟು ಹೋಗುವುದು. ಇವು ಯಾವ ನೇಮಕಾತಿ ಪತ್ರದಲ್ಲೂ ಇರುವುದಿಲ್ಲ. ಯಾರ ಕಣ್ಣಿಗೂ ಬೀಳುತ್ತಿಲ್ಲ ಎಂದು ಗೊತ್ತಾದ ಮೇಲೆ ಒಂದೊಂದಾಗಿ ನಿಲ್ಲುತ್ತವೆ. ನಿಂತದ್ದು ನಿಮಗೆ ತಿಳಿಯುವುದು ರಿಜೆಕ್ಷನ್ ಏರಿದಾಗ, ಇಲ್ಲವೇ ಒಳ್ಳೆ ಆಪರೇಟರ್ ಪಕ್ಕದ ಶೆಡ್ಡಿಗೆ ಹೋದಾಗ.

2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಡೇಟಾ ಎಂಟ್ರಿಗೆ ಬಂದ 300ಕ್ಕೂ ಹೆಚ್ಚು ಜನರನ್ನು ಎಂಟೆಂಟರ ಗುಂಪು ಮಾಡಿ, ಕೆಲವು ಗುಂಪುಗಳಲ್ಲಿ ಕೆಲಸದ ನಡುವೆ ಚೆನ್ನಾಗಿ ಮಾಡಿದವರಿಗೆ ಅನಿರೀಕ್ಷಿತವಾಗಿ ಒಂದು ಮೆಚ್ಚುಗೆ ಕಾರ್ಡ್ ಕೊಟ್ಟರು. ದುಡ್ಡಿಲ್ಲ, ಬರೀ ಕಾರ್ಡ್. ಎಂಟರಲ್ಲಿ ಮೂವರಿಗೆ ಮಾತ್ರ ಕೊಟ್ಟಲ್ಲಿ ಕೆಲಸ ಹೆಚ್ಚು ಸುಧಾರಿಸಿತು. ಆ ಸುಧಾರಣೆಯ ಬಹುಪಾಲು ಬಂದದ್ದು ಕಾರ್ಡ್ ಸಿಗದವರಿಂದ! ಇಲ್ಲಿ ಕೆಲಸವನ್ನು ನೋಡುವವರಿದ್ದಾರೆ ಎಂಬ ಸುದ್ದಿ ಅವರಿಗೂ ಮುಟ್ಟಿತ್ತು.

ಹಾಗಾದರೆ ಇಂಕ್ರಿಮೆಂಟ್ ಬದಲು ಸರ್ಟಿಫಿಕೇಟ್ ಕೊಟ್ಟರೆ ನಡೆಯುತ್ತದೆಯೇ?

ನಡೆಯುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಕ್ಯಾಂಟೀನಿನಲ್ಲಿ ಆಡಿಕೊಳ್ಳುತ್ತಾರೆ, ಅಷ್ಟೆ. ಸಂಬಳದ ತಾರೀಖು ತಪ್ಪುತ್ತಿದ್ದರೆ, ಓಟಿ ಲೆಕ್ಕ ತಾಳೆಯಾಗದಿದ್ದರೆ, ಪಿಎಫ್ ಕಟ್ಟಿದ ಮೆಸೇಜ್ ಬರದಿದ್ದರೆ, ಶೌಚಾಲಯದಲ್ಲಿ ನೀರಿಲ್ಲದಿದ್ದರೆ ಮೊದಲು ಅವನ್ನು ಸರಿಮಾಡಿ. ಇವಿಷ್ಟು ಸರಿಹೋಗುವ ತನಕ ಈ ಪುಟದ ಉಳಿದ ಭಾಗ ನಿಮಗೆ ಬೇಡ.

2020ರ ಡಿಸೆಂಬರ್‌ನಲ್ಲಿ ನರಸಾಪುರದ ಒಂದು ದೊಡ್ಡ ಕಾರ್ಖಾನೆಯಲ್ಲಿ ವೇತನದ ತಕರಾರು ಹೇಗೆ ದಾಂಧಲೆಯಾಯಿತು ಎಂಬುದು ಕೋಲಾರದವರಿಗೆ ಗೊತ್ತೇ ಇದೆ. ಸಂಬಳದ ಸಿಟ್ಟಿರುವ ಕಡೆ ಪ್ರಶಸ್ತಿ ಹಂಚಿದರೆ ಅದು ಮೂಗಿಗೆ ತುಪ್ಪ ಸವರಿದಂತೆ ಕಾಣುತ್ತದೆ, ಸಿಟ್ಟು ಇನ್ನಷ್ಟು ಏರುತ್ತದೆ.

ಬೋನಸ್ ಕೂಡ ಬೇರೆ ಲೆಕ್ಕ. ಅರ್ಹ ನೌಕರರಿಗೆ ಕನಿಷ್ಠ ಶೇ 8.33, ಗರಿಷ್ಠ ಶೇ 20 ಕೊಡಬೇಕೆಂಬುದು 1965ರ ಬೋನಸ್ ಕಾಯ್ದೆಯಲ್ಲಿದ್ದ ಪ್ರಮಾಣ, ವೇತನ ಸಂಹಿತೆಯಲ್ಲೂ ಅದೇ ಇದೆ. ಅದು ಅವರ ಹಕ್ಕು. ಹಕ್ಕಿನ ದುಡ್ಡನ್ನು ಕವರಿಗೆ ಹಾಕಿ, ಫೋಟೊ ತೆಗೆಸಿ, 'ಬಹುಮಾನ' ಎಂದು ಕೊಡುವ ಅಭ್ಯಾಸ ಕೆಲವೆಡೆ ಇದೆ. ಯಾರೂ ಮೋಸಹೋಗುವುದಿಲ್ಲ.

ಎಲ್ಲಿಂದ ಶುರು ಮಾಡಬೇಕು?

ಒಂದು ನೋಟ್‌ಬುಕ್ಕಿನಿಂದ. ಆ್ಯಪ್, ಪಾಯಿಂಟ್ಸ್, ಪೋರ್ಟಲ್ ಯಾವುದೂ ಮೊದಲ ಮೂರು ತಿಂಗಳಿಗೆ ಬೇಡ.

ಮೊದಲ ವಾರ ಹಿಂದಿನ ಮೂರು ತಿಂಗಳ ನಾಲ್ಕು ಅಂಕಿ ತೆಗೆದಿಡಿ: ಗೈರುಹಾಜರಿ, ಕೆಲಸ ಬಿಟ್ಟವರು, ರಿಜೆಕ್ಷನ್ ಅಥವಾ ಮರುಕೆಲಸ, ಕೆಲಸಗಾರರಿಂದ ಬಂದ ಸಲಹೆಗಳು. ಈಗ ತೆಗೆಯದಿದ್ದರೆ ಆರು ತಿಂಗಳ ಮೇಲೆ ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಎರಡನೇ ವಾರ ಪ್ರತಿ ಸೂಪರ್‌ವೈಸರ್ ಕೈಗೆ 100 ಪುಟದ ಒಂದೊಂದು ಪುಸ್ತಕ ಕೊಡಿ. ನಾಲ್ಕು ಕಾಲಂ ಸಾಕು: ದಿನಾಂಕ ಮತ್ತು ಪಾಳಿ, ಹೆಸರು, ಏನು ಮಾಡಿದರು, ಅದರಿಂದ ಏನಾಯಿತು. ವಾರಕ್ಕೆ ಎರಡು ನಮೂದು ಕಡ್ಡಾಯ. ಒಬ್ಬ ಸೂಪರ್‌ವೈಸರ್ ಕೆಳಗೆ 12 ಜನರಿದ್ದರೆ ಆರು ವಾರದೊಳಗೆ ಎಲ್ಲರ ಹೆಸರೂ ಒಂದು ಸುತ್ತು ಬರಲು ಅವಕಾಶವಿರುತ್ತದೆ. ಬರಲೇಬೇಕೆಂದಲ್ಲ. ಆರು ವಾರವಾದರೂ ಒಬ್ಬರ ಹೆಸರು ಬಂದಿಲ್ಲವೆಂದರೆ ಒಂದೋ ಆ ವ್ಯಕ್ತಿಯ ಕೆಲಸದಲ್ಲಿ ತೊಂದರೆಯಿದೆ, ಇಲ್ಲವೇ ಸೂಪರ್‌ವೈಸರ್ ಆ ಕಡೆ ತಿರುಗಿ ನೋಡುತ್ತಿಲ್ಲ. ಎರಡೂ ತಿಳಿಯಬೇಕಾದ ವಿಷಯವೇ.

ಮೊದಲಿಗೆ ಪುಸ್ತಕದಲ್ಲಿ 'ಒಳ್ಳೆ ಕೆಲಸ', 'ಚೆನ್ನಾಗಿ ಸಹಕರಿಸಿದರು' ಎಂಬ ಸಾಲುಗಳೇ ತುಂಬುತ್ತವೆ. ನಾಲ್ಕನೇ ಕಾಲಂ ಖಾಲಿ ಇರುತ್ತದೆ. ಶನಿವಾರ 15 ನಿಮಿಷ ಕೂತು ಪ್ರತಿ ಸಾಲಿಗೂ 'ಅದರಿಂದ ಏನಾಯಿತು?' ಎಂದು ಕೇಳಿ ತುಂಬಿಸಿ. ಸೂಪರ್‌ವೈಸರ್‌ಗಳು ಕೆಲಸ ನೋಡುವುದನ್ನು ಕಲಿಯುವುದು ಈ ಶನಿವಾರಗಳಲ್ಲಿ.

ಮೂರನೇ ವಾರದಿಂದ ಬರೆದದ್ದನ್ನು ಬಾಯಲ್ಲಿ ಹೇಳಲು ಶುರು. ಬಹುಮಾನದ ಮಾತು ಇನ್ನೂ ಬೇಡ.

ಮೆಚ್ಚುಗೆಯ ಮಾತು ಹೇಗಿರಬೇಕು?

'ಶಹಬ್ಬಾಸ್, ಹೀಗೇ ಮಾಡ್ತಾ ಇರಿ' ಎಂದರೆ ಹೇಗೆ ಮಾಡುತ್ತಿರಬೇಕು ಎಂಬುದೇ ತಿಳಿಯುವುದಿಲ್ಲ. ಏನು ಕಂಡಿತು, ಅದರಿಂದ ಏನು ಉಳಿಯಿತು, ಇಷ್ಟು ಹೇಳಬೇಕು. ಒಂದು ಮಸಾಲೆ ಪ್ಯಾಕಿಂಗ್ ಲೈನಿನಲ್ಲಿ ಹೇಳಬಹುದಾದ ಮಾತು ಹೀಗಿರುತ್ತದೆ:

"ನಿನ್ನೆ ಎರಡನೇ ಪಾಳಿಯಲ್ಲಿ ರೋಲ್ ಬದಲಾಯಿಸಿದ ಮೇಲೆ ಮೊದಲ ಐದು ಪ್ಯಾಕೆಟ್ ತೆಗೆದು ಬೆಳಕಿಗೆ ಹಿಡಿದು ದಿನಾಂಕ ನೋಡಿದ್ರಲ್ಲ, ತಿಂಗಳು ತಪ್ಪು ಬಿದ್ದಿತ್ತು. ನೀವು ಲೈನ್ ನಿಲ್ಲಿಸಿದ್ದು ಹತ್ತು ನಿಮಿಷ. ನಿಲ್ಲಿಸದೆ ಹೋಗಿದ್ರೆ ಅಷ್ಟೂ ಮಾಲು ಲಾರಿ ಹತ್ತಿ ವಾಪಸ್ ಬರ್ತಿತ್ತು."

ಕೇಳಿದವರು ಮತ್ತೆ ರೋಲ್ ಬದಲಾದಾಗ ಐದು ಪ್ಯಾಕೆಟ್ ತೆಗೆದು ನೋಡುತ್ತಾರೆ. ಪಕ್ಕದಲ್ಲಿ ನಿಂತವರೂ ನೋಡುತ್ತಾರೆ. ಲೈನ್ ನಿಲ್ಲಿಸಿದರೆ ಬೈಗುಳ ಬೀಳುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತಾಗುತ್ತದೆ.

ಹೇಳುವಾಗ ಬಾಲ ಅಂಟಿಸಬೇಡಿ. 'ಕೆಲಸ ಚೆನ್ನಾಗಿತ್ತು, ಆದರೆ ಬೆಳಿಗ್ಗೆ ಲೇಟಾಗಿ ಬರ್ತೀಯ' ಎಂದರೆ ಮನೆಗೆ ಹೋದ ಮೇಲೆ ನೆನಪಿರುವುದು 'ಆದರೆ' ನಂತರದ್ದು ಮಾತ್ರ. ತಿದ್ದುವ ಮಾತಿಗೆ ಬೇರೆ ಹೊತ್ತು ಇಟ್ಟುಕೊಳ್ಳಿ. ಇನ್ನೊಂದು ಮಾತು, ದಿನವೆಲ್ಲ ಹೋಗೋ ಬಾರೋ ಎಂದು ಏಕವಚನದಲ್ಲಿ ಕೂಗುತ್ತಿದ್ದು ಮೈಕ್ ಕೈಗೆ ಬಂದಾಗ ಮಾತ್ರ 'ಶ್ರೀಯುತರು' ಎಂದರೆ ನಗುವವರೇ ಹೆಚ್ಚು.

ಎಷ್ಟು ಬೇಗ ಹೇಳಬೇಕು? ಯಾರು ಹೇಳಬೇಕು?

ಅದೇ ಪಾಳಿಯಲ್ಲಿ, ತಪ್ಪಿದರೆ ಮರುದಿನ ಪಾಳಿ ಶುರುವಾಗುವ ಐದು ನಿಮಿಷದ ಸಭೆಯಲ್ಲಿ. ವಾರ ದಾಟಿದರೆ ಸ್ವಾದವಿಲ್ಲ. ಹೇಳಬೇಕಾದವರು ಕೆಲಸವನ್ನು ಕಣ್ಣಾರೆ ಕಂಡವರು. ಎಂಡಿ ಬೆಂಗಳೂರಿನಿಂದ ಬಂದು ಚೀಟಿ ನೋಡಿ ಹೆಸರು ಓದುವುದಕ್ಕಿಂತ ಲೈನ್ ಲೀಡರ್ ಮೆಷಿನ್ ಪಕ್ಕ ನಿಂತು ಹೇಳಿದ ಎರಡು ಮಾತು ಹೆಚ್ಚು ನಾಟುತ್ತದೆ. ಎಂಡಿ ಮಾಡಬಹುದಾದದ್ದು ಬೇರೆ ಇದೆ. ಶಾಪ್ ಫ್ಲೋರ್‌ಗೆ ಬಂದಾಗ ಪುಸ್ತಕದ ಒಂದು ನಮೂದನ್ನು ಓದಿಕೊಂಡು ಬಂದು ಆ ಮೆಷಿನ್ ಹತ್ತಿರ ನಿಂತು 'ಹೇಗೆ ಮಾಡಿದ್ರಿ, ತೋರಿಸಿ' ಎಂದು ಕೇಳುವುದು.

'ತಿಂಗಳ ಉದ್ಯೋಗಿ' ಬೋರ್ಡ್ ಹಾಕಬಹುದೇ?

ಹಾಕಬಹುದು, ಆದರೆ ಹೆಚ್ಚಿನ ಕಡೆ ಅದು ಆರೇಳು ತಿಂಗಳಲ್ಲಿ ಸಾಯುತ್ತದೆ. ಮೊದಲ ಮೂರು ತಿಂಗಳು ನಿಜವಾಗಿ ಚೆನ್ನಾಗಿ ಮಾಡುವ ಮೂವರ ಫೋಟೊ ಬರುತ್ತದೆ. ನಾಲ್ಕನೇ ತಿಂಗಳು 'ಅವರಿಗೇ ಮತ್ತೆ ಹೇಗೆ ಕೊಡೋದು' ಎಂಬ ಮುಜುಗರ. ಐದನೆಯದರಿಂದ ಸರದಿ: ಈ ತಿಂಗಳು ಸ್ಟೋರ್ಸ್, ಬರುವ ತಿಂಗಳು ಪ್ಯಾಕಿಂಗ್. ಸರದಿ ಎಂದು ಜನರಿಗೆ ಗೊತ್ತಾದ ದಿನ ಆ ಬೋರ್ಡ್ ಗೋಡೆಯ ಕ್ಯಾಲೆಂಡರ್ ಆಗುತ್ತದೆ.

ಇಡಲೇಬೇಕೆಂದರೆ ವ್ಯಕ್ತಿಯ ಬದಲು ಕೆಲಸವನ್ನು ಬೋರ್ಡಿಗೆ ತನ್ನಿ. 'ಈ ತಿಂಗಳು ನಡೆದ ಐದು ಒಳ್ಳೆ ಕೆಲಸ' ಎಂದು ಎ4 ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ, ಪ್ರತಿಯೊಂದಕ್ಕೂ ಎರಡು ಸಾಲು, ಮಾಡಿದವರ ಹೆಸರು. ಅರ್ಹರು ಮೂವರೇ ಇದ್ದರೆ ಮೂರೇ ಹಾಕಿ. ಒಬ್ಬರೇ ಎರಡು ಸಲ ಬಂದರೆ ಎರಡು ಸಲ ಹಾಕಿ. ಸಾಧ್ಯವಿದ್ದರೆ ಫೋಟೊದಲ್ಲಿ ಮುಖದ ಜೊತೆ ಕೆಲಸವೂ ಕಾಣಲಿ: ಅವರು ತಾವೇ ಮಾಡಿದ ಜಿಗ್, ಅಡ್ಡ ಹಾಕಿದ ಗಾರ್ಡ್, ಜೋಡಿಸಿಟ್ಟ ಟೂಲ್ ಬೋರ್ಡ್.

ಪೂರ್ತಿ ಹಾಜರಾತಿಗೆ ಬಹುಮಾನ ಇಟ್ಟರೆ ಗೈರುಹಾಜರಿ ಕಡಿಮೆಯಾಗುತ್ತದೆಯೇ?

ನಮ್ಮ ಕಡೆ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಅತಿ ಹೆಚ್ಚು ಕೈಕೊಡುವ ಯೋಜನೆಯೂ ಇದೇ.

ಅಮೆರಿಕದ ಕೈಗಾರಿಕಾ ಲಾಂಡ್ರಿ ಕಂಪನಿಯೊಂದರ ಘಟಕದಲ್ಲಿ ಹಾಜರಾತಿ ಪ್ರಶಸ್ತಿ ತಂದದ್ದರ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಬಹುಮಾನದ ಅವಧಿಯಲ್ಲಿ ಕೆಲವರು ಅರ್ಹತೆ ಉಳಿಸಿಕೊಳ್ಳುವಷ್ಟೇ ಲೆಕ್ಕ ಹಾಕಿ ಬರತೊಡಗಿದರು. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು ಕಡೆ ಬಿತ್ತು. ಯಾವ ಬಹುಮಾನವಿಲ್ಲದೆ ಮೊದಲಿನಿಂದಲೂ ಸರಿಯಾದ ಹೊತ್ತಿಗೆ ಬರುತ್ತಿದ್ದವರ ಉತ್ಪಾದಕತೆಯೇ ಕುಸಿಯಿತು. ಇಷ್ಟು ವರ್ಷ ಸುಮ್ಮನೆ ಬಂದವರಿಗೆ ಏನೂ ಇಲ್ಲ, ತಪ್ಪಿಸುತ್ತಿದ್ದವನು ಒಂದು ತಿಂಗಳು ಬಂದರೆ ಚಪ್ಪಾಳೆ ಎಂದರೆ ಯಾರಿಗೆ ಬೇಸರವಾಗುವುದಿಲ್ಲ? ಒಟ್ಟಾರೆ ಆ ಘಟಕಕ್ಕೆ ನಷ್ಟವೇ ಆಯಿತು.

ಇಲ್ಲಿನ ತೊಡಕು ಇನ್ನೂ ಇವೆ. ಜ್ವರದಲ್ಲೂ ಬಂದವರು ಇಡೀ ಲೈನಿಗೆ ಅಂಟಿಸುತ್ತಾರೆ. ಹೆರಿಗೆ ರಜೆಯಲ್ಲಿದ್ದವರು, ಕೆಲಸದಲ್ಲಿ ಗಾಯವಾಗಿ ಇಎಸ್‌ಐ ರಜೆಯಲ್ಲಿದ್ದವರು ಪಟ್ಟಿಯಿಂದ ಬಿದ್ದರೆ ಅದು ಅನ್ಯಾಯ, ಕಾನೂನಿನ ತಲೆನೋವೂ ಹೌದು. ರಾಗಿ ಕೊಯ್ಲಿನ ನವೆಂಬರ್–ಡಿಸೆಂಬರ್‌ನಲ್ಲಿ, ಊರ ಜಾತ್ರೆಯ ವಾರದಲ್ಲಿ, ₹300ರ ಸ್ಟೀಲ್ ಡಬ್ಬಿಗಾಗಿ ಹೊಲ ಬಿಟ್ಟು ಯಾರೂ ಬರುವುದಿಲ್ಲ.

ಹಾಜರಾತಿಗೆ ಮದ್ದು ಬೇರೆ ಇದೆ. ಜಾತ್ರೆ, ಕೊಯ್ಲಿನ ರಜೆಯನ್ನು ಹದಿನೈದು ದಿನ ಮೊದಲೇ ಬರೆಸಿಕೊಳ್ಳುವ ಹಾಳೆ ನೋಟಿಸ್ ಬೋರ್ಡಿನಲ್ಲಿಡಿ. ಮೊದಲೇ ಹೇಳಿ ರಜೆ ಹೋದವರನ್ನೂ, ಬದಲಿಗೆ ನಿಂತವರನ್ನೂ ಸಭೆಯಲ್ಲಿ ಹೆಸರಿಸಿ. ಲೈನಿಗೆ ಏಟು ಕೊಡುವುದು ಹೇಳದೆ ಕೈಕೊಡುವ ಗೈರು, ಗುರಿ ಅದರ ಮೇಲಿರಲಿ.

'ಇಷ್ಟು ದಿನ ಅಪಘಾತ ಇಲ್ಲ' ಎಂದು ತಂಡಕ್ಕೆ ಬಹುಮಾನ?

ಬೇಡ. ಅಪಘಾತ ಕಡಿಮೆಯಾಗುವುದಿಲ್ಲ, ವರದಿ ಕಡಿಮೆಯಾಗುತ್ತದೆ. ಬೆರಳು ಕುಯ್ದುಕೊಂಡವನು ಬಟ್ಟೆ ಸುತ್ತಿಕೊಂಡು ಸುಮ್ಮನಿರುತ್ತಾನೆ, ಏಕೆಂದರೆ ಹೇಳಿದರೆ ತಂಡದ ಎಲ್ಲರ ಬಹುಮಾನದ ಊಟ ಹೋಗುತ್ತದೆ. ಬದಲಿಗೆ, ಸ್ವಲ್ಪದರಲ್ಲಿ ತಪ್ಪಿದ ಅಪಾಯವನ್ನು ವರದಿ ಮಾಡಿದವರನ್ನು ಗುರುತಿಸಿ: ಸಡಿಲವಾದ ಬೆಲ್ಟ್ ಗಾರ್ಡ್, ನೆಲಕ್ಕೆ ಚೆಲ್ಲಿದ ಎಣ್ಣೆ, ಅರ್ತಿಂಗ್ ಇಲ್ಲದ ವೆಲ್ಡಿಂಗ್ ಸೆಟ್. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನಕ್ಕೆ ವರ್ಷದಲ್ಲಿ ಬಂದ ಇಂಥ ವರದಿಗಳಲ್ಲಿ ಅತಿ ಮುಖ್ಯವಾದ ಮೂರನ್ನು, ಅವುಗಳ ಮೇಲೆ ಏನು ಕ್ರಮವಾಯಿತು ಎಂಬುದರ ಸಮೇತ ಓದಿ ಹೇಳಿ.

ನಗದು ಕೊಡಬೇಕೋ, ವಸ್ತುವೋ?

ಸಣ್ಣ ಮೊತ್ತವಾದರೆ ವಸ್ತು, ದೊಡ್ಡದಾದರೆ ನಗದು ಎಂಬುದು ನಮ್ಮ ಅಭಿಪ್ರಾಯ. ₹200 ನಗದು ಸಂಜೆಯೊಳಗೆ ಟೀ, ಬಸ್ಸಿಗೆ ಕರಗುತ್ತದೆ. ಸಂಬಳದ ಮುಂದೆ ಅದು ಎಷ್ಟು ಚಿಕ್ಕದು ಎಂಬುದೇ ಎದ್ದು ಕಾಣುತ್ತದೆ. 2012ರ ಒಂದು ಜರ್ಮನ್ ಪ್ರಯೋಗದಲ್ಲಿ ತಾತ್ಕಾಲಿಕ ಕೆಲಸಕ್ಕೆ ಬಂದವರಲ್ಲಿ ಕೆಲವರಿಗೆ ಸುಮಾರು 7 ಯೂರೊ ಹೆಚ್ಚು ಕೂಲಿ, ಕೆಲವರಿಗೆ ಅಷ್ಟೇ ಬೆಲೆಯ ಥರ್ಮಾಸ್ ಬಾಟಲಿ ಕೊಟ್ಟರು. ಬಾಟಲಿ ಪಡೆದವರ ಕೆಲಸ ಗಣನೀಯವಾಗಿ ಏರಿತು, ನಗದು ಪಡೆದವರದ್ದು ಹೆಚ್ಚೇನೂ ಕದಲಲಿಲ್ಲ. ಕೊಡುವವರು ಯೋಚನೆ ಮಾಡಿ ತಂದಿದ್ದಾರೆ ಎಂದು ಕಾಣುವುದೇ ಅಲ್ಲಿ ಕೆಲಸ ಮಾಡಿದ್ದು.

ಆದ್ದರಿಂದ ವಸ್ತುವಿನ ಮೇಲೆ ಕಂಪನಿ ಲೋಗೊ ದೊಡ್ಡದಾಗಿ ಹೊಡೆಸಬೇಡಿ, ಅದು ಜಾಹೀರಾತಾಗುತ್ತದೆ. ಶೋಕೇಸಿಗೆ ಇಡುವ ಪ್ಲಾಸ್ಟಿಕ್ ಟ್ರೋಫಿಗಿಂತ ಇನ್ಸುಲೇಟೆಡ್ ಊಟದ ಡಬ್ಬಿ, ಒಳ್ಳೆ ಛತ್ರಿ, ಬೆಡ್‌ಶೀಟ್, ಹೆಲ್ಮೆಟ್, ಮಕ್ಕಳ ಸ್ಕೂಲ್ ಬ್ಯಾಗ್ ಮನೆಗೆ ಬೇಕಾದವು. ಮೂರು ವಸ್ತು ತೋರಿಸಿ ಆರಿಸಿಕೊಳ್ಳಲು ಬಿಟ್ಟರೆ ಇನ್ನೂ ಒಳ್ಳೆಯದು. ಒಂದು ಕಾಲಕ್ಕೆ ದೀರ್ಘ ಸೇವೆಗೆ, ನಿವೃತ್ತಿಗೆ ಎಚ್‌ಎಂಟಿ ವಾಚ್ ಕೊಡುವುದು ದೇಶದೆಲ್ಲೆಡೆ ರೂಢಿಯಾಗಿತ್ತು. ಆ ವಾಚುಗಳನ್ನು ಜೋಡಿಸುತ್ತಿದ್ದ ಕಾರ್ಖಾನೆಗಳಲ್ಲಿ ಒಂದು ನಮ್ಮ ತುಮಕೂರಿನಲ್ಲೇ ಇತ್ತು. ಕಾರ್ಖಾನೆ ಮುಚ್ಚಿದರೂ ಬೆನ್ನಿನ ಮೇಲೆ ಹೆಸರು, ಇಸವಿ ಕೆತ್ತಿದ ಆ ವಾಚುಗಳು ಮನೆಗಳಲ್ಲಿ ಇನ್ನೂ ಇವೆ.

ತೆರಿಗೆ ವಿಷಯ. ನಗದು ಬಹುಮಾನ, ನಗದಿಗೆ ಬದಲಾಯಿಸಬಹುದಾದ ವೋಚರ್ ನೌಕರರ ಸಂಬಳದ ಆದಾಯಕ್ಕೆ ಸೇರುತ್ತದೆ. ವಸ್ತು ರೂಪದ ಉಡುಗೊರೆಗೆ ವಾರ್ಷಿಕ ವಿನಾಯಿತಿ ಮಿತಿ ಇದೆ. ಅದು ಬಹುಕಾಲ ₹5,000 ಇತ್ತು. ಈ ವರ್ಷಕ್ಕೆ ಅನ್ವಯಿಸುವ ಮೊತ್ತವನ್ನು ಆಡಿಟರ್ ಬಳಿ ಖಾತ್ರಿ ಮಾಡಿಕೊಂಡೇ ಖರೀದಿಸಿ. ಜಿಎಸ್‌ಟಿಯಲ್ಲಿ ಒಬ್ಬ ನೌಕರನಿಗೆ ಹಣಕಾಸು ವರ್ಷದಲ್ಲಿ ₹50,000ವರೆಗಿನ ಉಡುಗೊರೆಯನ್ನು ಪೂರೈಕೆ ಎಂದು ಪರಿಗಣಿಸುವುದಿಲ್ಲ, ಆದರೆ ಉಡುಗೊರೆಗೆ ಕೊಂಡ ಮಾಲಿನ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ. ಮತ್ತೆ, ಪ್ರತಿ ತಿಂಗಳೂ ಎಲ್ಲರಿಗೂ ನಿಗದಿತ ನಗದು ಕೊಡುತ್ತಾ ಹೋದರೆ ಅದು ವೇತನದ ಭಾಗವೇ ಎಂಬ ವಾದಕ್ಕೆ ದಾರಿಯಾಗುತ್ತದೆ, ಪಿಎಫ್–ಇಎಸ್‌ಐ ಲೆಕ್ಕ ಎದುರಾಗುತ್ತದೆ.

80 ಜನರ ಘಟಕಕ್ಕೆ ವರ್ಷಕ್ಕೆ ಎಷ್ಟು ದುಡ್ಡು ಬೇಕು?

ತಲೆಗೆ ತಿಂಗಳಿಗೆ ₹100 ಇಟ್ಟುಕೊಂಡರೆ ವರ್ಷಕ್ಕೆ ₹96,000. ಹಂಚಿಕೆ ಸುಮಾರಾಗಿ ಹೀಗೆ ಬರುತ್ತದೆ. ತಿಂಗಳಿಗೆ 12 ಸಣ್ಣ ಉಡುಗೊರೆ, ತಲಾ ₹200: ವರ್ಷಕ್ಕೆ ₹28,800. ಮೂರು ತಿಂಗಳಿಗೊಮ್ಮೆ ಒಂದು ತಂಡಕ್ಕೆ ಊಟ, ₹6,000ದಂತೆ ನಾಲ್ಕು: ₹24,000. ವರ್ಷದ ಆರು ಮುಖ್ಯ ಗೌರವ, ತಲಾ ₹3,000: ₹18,000. ಐದು, ಹತ್ತು ವರ್ಷ ಪೂರೈಸಿದ ಸುಮಾರು ಹತ್ತು ಜನರಿಗೆ ₹1,500ರಂತೆ ₹15,000. ಮುದ್ರಣ, ಫ್ರೇಮ್, ಬೋರ್ಡಿಗೆ ₹6,000. ಒಟ್ಟು ₹91,800, ಉಳಿದ ₹4,200 ಕೈಯಲ್ಲಿರಲಿ.

ಇಷ್ಟು ಇಲ್ಲದಿದ್ದರೆ ಮೊದಲು ಕತ್ತರಿ ಹಾಕಬೇಕಾದ್ದು ವಾರ್ಷಿಕ ಸಮಾರಂಭಕ್ಕೆ, ಶಾಮಿಯಾನ ಮತ್ತು ಹೂವಿನ ಖರ್ಚಿಗೆ. ಕೊನೆಗೆ ಕೈಹಾಕಬೇಕಾದ್ದು ₹200ರ ಸಣ್ಣ ಉಡುಗೊರೆಗಳಿಗೆ.

ಆಯುಧಪೂಜೆಗೆ ಎಲ್ಲರಿಗೂ ಸ್ವೀಟ್ ಬಾಕ್ಸ್, ಬಟ್ಟೆ ಕೊಡುತ್ತೇವಲ್ಲ, ಸಾಲದೇ?

ಅದು ಹಬ್ಬದ ಪ್ರೀತಿ, ಎಲ್ಲರಿಗೂ ಸಮಾನವಾಗಿ ಸಿಗಬೇಕಾದ್ದು, ನಿಲ್ಲಿಸಬೇಡಿ. ಆದರೆ ಎಲ್ಲರಿಗೂ ಒಂದೇ ಸಿಕ್ಕಿದಾಗ ಯಾರ ಕೆಲಸವೂ ಗುರುತಾಗಿಲ್ಲ. ಎರಡನ್ನೂ ಬೆರೆಸಲೂ ಬೇಡಿ: ಒಬ್ಬರಿಗೆ ಅರ್ಧ ಕೆಜಿ, ಇನ್ನೊಬ್ಬರಿಗೆ ಕಾಲು ಕೆಜಿ ಎಂದಾದರೆ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಮಾತು ಮುಂದಿನ ದಸರೆವರೆಗೂ ನಿಲ್ಲುವುದಿಲ್ಲ. ಪೂಜೆಯ ದಿನ ಮಾಡಬಹುದಾದ ಒಳ್ಳೆಯ ಕೆಲಸವೊಂದಿದೆ. ಯಂತ್ರಕ್ಕೆ ಬೂದುಗುಂಬಳ ಒಡೆಯುವ ಮೊದಲು ಅದನ್ನು ವರ್ಷವೆಲ್ಲ ನೋಡಿಕೊಂಡ ಆಪರೇಟರ್ ಕೈಯಿಂದಲೇ ಆರತಿ ಮಾಡಿಸಿ. ಖರ್ಚಿಲ್ಲ.

ನಮ್ಮದು ರೇಷ್ಮೆ ರೀಲಿಂಗ್. ಕೂಲಿ ತೂಕದ ಮೇಲೆ. ಇಲ್ಲಿ ಇದೆಲ್ಲ ಹೇಗೆ?

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಪ್ರಶ್ನೆ ಇದು. ಪೀಸ್ ರೇಟ್ ಇರುವ ಗಾರ್ಮೆಂಟ್ಸ್, ಅಗರಬತ್ತಿ ಘಟಕಗಳಿಗೂ ಉತ್ತರ ಹೊಂದುತ್ತದೆ. ತೂಕಕ್ಕೆ ಈಗಾಗಲೇ ದುಡ್ಡು ಸಿಗುತ್ತಿದೆ. ಹೆಚ್ಚು ನೂಲು ತೆಗೆದವರಿಗೆ ಮತ್ತೆ ಬಹುಮಾನವನ್ನೂ ಇಟ್ಟರೆ ವೇಗಕ್ಕೆ ಎರಡು ಸಲ ಕೊಟ್ಟಂತಾಗುತ್ತದೆ. ವೇಗದ ಹಿಂದೆ ಬಿದ್ದವರು ಏನು ಮಾಡುತ್ತಾರೆಂದರೆ, ಎಳೆ ಕಡಿದ ಗೂಡಿಗೆ ಮತ್ತೆ ತುದಿ ಹುಡುಕದೆ ವೇಸ್ಟಿಗೆ ತಳ್ಳುತ್ತಾರೆ. ಗೂಡು ಮುಗಿಯುತ್ತಾ ಎಳೆ ತೆಳುವಾದಾಗ ಹೊಸದನ್ನು ತಕ್ಷಣ ಸೇರಿಸುವುದಿಲ್ಲ, ನೂಲು ದಪ್ಪ–ಸಣ್ಣ ಆಗುತ್ತದೆ.

ರೆಂಡಿಟ್ಟಾ, ಅಂದರೆ ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕು ಎಂಬ ಲೆಕ್ಕ ಹಾಕಿ ನೋಡಿ. ಒಂದು ಕೆಜಿ ನೂಲಿಗೆ 7 ಕೆಜಿ ಗೂಡು ಹೋಗುತ್ತಿದ್ದದ್ದು 7.5 ಆಯಿತು, ಗೂಡಿನ ಬೆಲೆ ಕೆಜಿಗೆ ₹500 ಎಂದಿಟ್ಟುಕೊಳ್ಳಿ. ಪ್ರತಿ ಕೆಜಿ ನೂಲಿಗೆ ₹250 ಬಿಸಿನೀರಿನ ಬಾನಿಯಲ್ಲೇ ಹೋಯಿತು. ಹಾಗಾಗಿ ಗುರುತಿಸಬೇಕಾದ್ದು ತೂಕಕ್ಕೆ ಹೊರತಾದ ಕೌಶಲವನ್ನು: ಯಾರ ಬೇಸಿನ್‌ನಲ್ಲಿ ವೇಸ್ಟ್ ಕಡಿಮೆ, ಯಾರ ನೂಲಿನಲ್ಲಿ ಗಂಟು ಕಡಿಮೆ, ಗೂಡು ಬೇಯಿಸುವವರಲ್ಲಿ ಯಾರ ಹದ ತಪ್ಪುವುದಿಲ್ಲ. ಪ್ರತಿ ಬೇಸಿನ್‌ನ ವೇಸ್ಟನ್ನು ಪಾಳಿ ಮುಗಿದ ಮೇಲೆ ಬೇರೆಬೇರೆ ತೂಗಿ ಹಲಗೆಯ ಮೇಲೆ ಬರೆಯಿರಿ. ಒಂದೇ ಲಾಟಿನ ಗೂಡನ್ನು ಮಾತ್ರ ಹೋಲಿಸಿ. ದ್ವಿತಳಿ ಗೂಡು ಸಿಕ್ಕವರನ್ನೂ ಮಿಶ್ರತಳಿ ಸಿಕ್ಕವರನ್ನೂ ಪಕ್ಕಪಕ್ಕ ಇಟ್ಟರೆ ಜಗಳ ಖಂಡಿತ. ಉಳಿದ ಗೂಡಿನ ಬೆಲೆಯಲ್ಲಿ ಒಂದು ಪಾಲನ್ನು ಅವರಿಗೇ ಕೊಟ್ಟರೆ ಮಾತಿಗೆ ತೂಕ ಬರುತ್ತದೆ.

ಗುತ್ತಿಗೆ ಕಾರ್ಮಿಕರು, ಹೊರ ರಾಜ್ಯದವರನ್ನು ಸೇರಿಸಬೇಕೇ?

ಸೇರಿಸಬೇಕು. ಒಂದೇ ಲೈನಿನಲ್ಲಿ ಅಕ್ಕಪಕ್ಕ ನಿಂತವರಲ್ಲಿ ನೀಲಿ ಶರ್ಟಿನ ಕಾಯಂ ನೌಕರರಿಗೆ ಮಾತ್ರ ಚಪ್ಪಾಳೆ ಎಂದರೆ ಬೂದು ಶರ್ಟಿನ ಗುತ್ತಿಗೆಯವರು ಸಲಹೆ ಕೊಡುವುದನ್ನೇ ಬಿಡುತ್ತಾರೆ. ಬಾಯಿಮಾತಿನ ಮೆಚ್ಚುಗೆ, ಬೋರ್ಡಿನ ಹೆಸರು, ಸಣ್ಣ ವಸ್ತು ಎಲ್ಲರಿಗೂ ಸಮಾನವಾಗಿರಲಿ. ನಗದು ಬಹುಮಾನವಿದ್ದರೆ ಗುತ್ತಿಗೆದಾರರ ಮೂಲಕ, ಅವರ ಲೆಕ್ಕದಲ್ಲಿ ಹೋಗಲಿ. ನೇರವಾಗಿ ಕೊಡುವ ಮೊದಲು ಕಾರ್ಮಿಕ ಕಾನೂನು ಸಲಹೆಗಾರರನ್ನು ಒಂದು ಮಾತು ಕೇಳಿ.

ಭಾಷೆಯೂ ಮುಖ್ಯ. ಚಿಕ್ಕಬಳ್ಳಾಪುರ, ಕೋಲಾರದ ಶಾಪ್ ಫ್ಲೋರ್‌ನಲ್ಲಿ ತೆಲುಗು ಓಡುತ್ತದೆ, ಕೆಜಿಎಫ್ ಕಡೆ ತಮಿಳು, ಹಾಸ್ಟೆಲಿನಲ್ಲಿರುವ ಹುಡುಗರದ್ದು ಹಿಂದಿ, ಒಡಿಯಾ. ಸರ್ಟಿಫಿಕೇಟ್ ಕನ್ನಡದಲ್ಲಿ ಮುದ್ರಿಸಿ, ಊರಿಗೆ ಕಳಿಸಿ ತೋರಿಸುವವರಿಗೆ ಹೆಸರನ್ನು ಅವರ ಲಿಪಿಯಲ್ಲೂ ಹಾಕಿಸಿ. ಹೆಸರಿನ ಕಾಗುಣಿತ, ಇನಿಶಿಯಲ್ ಅವರಿಗೇ ತೋರಿಸಿ ಮುದ್ರಣಕ್ಕೆ ಕಳಿಸಿ. ಹೆಸರು ತಪ್ಪಾಗಿರುವ ಸನ್ಮಾನ ಪತ್ರ ಯಾರ ಗೋಡೆಗೂ ಏರುವುದಿಲ್ಲ.

ವೇದಿಕೆ ಹತ್ತಲು ಹಿಂಜರಿಯುವವರಿಗೆ?

ಒತ್ತಾಯ ಬೇಡ. ಮುಂಚೆಯೇ ಕೇಳಿ. ಕೆಲವು ಹೆಣ್ಣುಮಕ್ಕಳಿಗೆ ಫೋಟೊ ವಾಟ್ಸಾಪ್ ಗ್ರೂಪಿಗೆ ಹೋಗುವುದು ಇಷ್ಟವಿರುವುದಿಲ್ಲ. ಅಂಥವರಿಗೆ ಲೈನಿನಲ್ಲೇ ಹೇಳಿ, ಮನೆಯವರ ಹೆಸರಿಗೆ ಒಂದು ಪತ್ರ ಕೊಡಿ.

ನಮ್ಮ ಸೂಪರ್‌ವೈಸರ್‌ಗಳು 'ಹೊಗಳಿದರೆ ತಲೆ ಮೇಲೆ ಕೂರ್ತಾರೆ' ಎನ್ನುತ್ತಾರೆ.

ಈ ಭಯಕ್ಕೆ ಕಾರಣವಿದೆ. 'ನೀನೇ ಗಟ್ಟಿಗ' ಎಂದು ವ್ಯಕ್ತಿಯನ್ನು ಹೊಗಳಿದರೆ ನಿಜಕ್ಕೂ ಆಗಬಹುದು. 'ಹೀಗೆ ಮಾಡಿದ್ದರಿಂದ ಇಷ್ಟು ಉಳಿಯಿತು' ಎಂದು ಕೆಲಸವನ್ನು ಹೇಳಿದರೆ ತಲೆಯ ಮೇಲೆ ಕೂರಲು ಜಾಗವಿಲ್ಲ. ಇನ್ನೊಂದು ಕಾರಣವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ: ಅವರನ್ನು ಯಾರೂ ಎಂದೂ ಮೆಚ್ಚಿಲ್ಲ. ಪ್ಲಾಂಟ್ ಮ್ಯಾನೇಜರ್ ಕೈಯಲ್ಲೂ ಒಂದು ಪುಸ್ತಕವಿರಲಿ, ಅದರಲ್ಲಿ ಸೂಪರ್‌ವೈಸರ್‌ಗಳ ಹೆಸರಿರಲಿ. ತಂಡದಲ್ಲಿ ಯಾರೋ ಕೊಟ್ಟ ಸಲಹೆ ಜಾರಿಯಾದಾಗ ಆ ಸಲಹೆಯನ್ನು ಮೇಲಕ್ಕೆ ಕಳಿಸಿದ ಸೂಪರ್‌ವೈಸರ್ ಹೆಸರನ್ನೂ ಓದಿ. ಕೆಳಗಿನವರ ಕೆಲಸವನ್ನು ತನ್ನದೆಂದು ತೋರಿಸುವ ಚಾಳಿ ಇದರಿಂದ ಬಹುಮಟ್ಟಿಗೆ ನಿಲ್ಲುತ್ತದೆ.

ಪಕ್ಷಪಾತ ಎಂದು ಗಲಾಟೆಯಾದರೆ?

ಪುಸ್ತಕ ತೆಗೆದು ನಮೂದು ತೋರಿಸಿ. ತೋರಿಸಲು ನಮೂದು ಇಲ್ಲದಿದ್ದರೆ ಗಲಾಟೆ ಮಾಡಿದವರ ಮಾತಿನಲ್ಲಿ ಹುರುಳಿದೆ. ತಿಂಗಳಿಗೊಮ್ಮೆ ಎಲ್ಲ ಪುಸ್ತಕಗಳ ಹೆಸರು ಎಣಿಸಿ: ಹೆಂಗಸರು ಎಷ್ಟು, ಗುತ್ತಿಗೆಯವರು ಎಷ್ಟು, ರಾತ್ರಿಪಾಳಿಯವರು ಎಷ್ಟು, ಯಾವ ಊರಿನವರು ಮತ್ತೆ ಮತ್ತೆ ಬರುತ್ತಿದ್ದಾರೆ. ಸೂಪರ್‌ವೈಸರ್ ಊರಿನವರದ್ದೇ, ಜಾತಿಯವರದ್ದೇ ಹೆಸರು ತುಂಬಿದ್ದರೆ ಅಲ್ಲೇ ಕಾಣುತ್ತದೆ. ಮೆಚ್ಚುಗೆಯ ಪಾಲು ಅತಿ ಕಡಿಮೆ ಸಿಗುವುದು ರಾತ್ರಿಪಾಳಿಗೆ ಮತ್ತು ಹೌಸ್‌ಕೀಪಿಂಗ್, ಸೆಕ್ಯುರಿಟಿ, ಬಾಯ್ಲರ್ ಮನೆಯವರಿಗೆ. ಏನೂ ಕೆಡದಿದ್ದರೆ ಅವರ ಕೆಲಸ ಯಾರಿಗೂ ಕಾಣುವುದೇ ಇಲ್ಲ.

ವರ್ಷದ ಆಯ್ಕೆಗೆ ಮೂವರ ಸಮಿತಿ ಮಾಡಿ, ಒಬ್ಬರು ಕೆಲಸಗಾರರೇ ಆರಿಸಿ ಕಳಿಸಿದವರಾಗಿರಲಿ. ಆಯ್ಕೆಗೆ ಕಾರಣವನ್ನು ಎರಡು ಸಾಲಿನಲ್ಲಿ ಬೋರ್ಡಿಗೆ ಹಾಕಿ. ವಯಸ್ಸಾದ, ಹಳೆಯ ಕೆಲಸಗಾರರನ್ನು ಮರೆಯಬೇಡಿ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಹೊಸದಾಗಿ ಬಂದ ಡಿಪ್ಲೊಮಾ ಹುಡುಗರೇ ಕಣ್ಣಿಗೆ ಬೀಳುವುದು ಹೆಚ್ಚು.

ಎಲ್ಲರ ರ‍್ಯಾಂಕ್ ಪಟ್ಟಿ ವಾಟ್ಸಾಪ್ ಗ್ರೂಪಿಗೆ ಹಾಕಬಹುದೇ?

ಬೇಡ. ಜಾಂಬಿಯಾದಲ್ಲಿ ಆರೋಗ್ಯ ಕಾರ್ಯಕರ್ತರ ತರಬೇತಿಯಲ್ಲಿ ನಡೆದ ಪ್ರಯೋಗವೊಂದರಲ್ಲಿ ಗುರುತಿಸಿ ಗೌರವಿಸುವುದರಿಂದ ಸಾಧನೆ ಏರಿತು, ಇತರರಿಗೆ ಹೋಲಿಸಿ ಸ್ಥಾನ ತಿಳಿಸಿದಾಗ ಇಳಿಯಿತು. ಕೆಳಗಿನವರು ಕೈಚೆಲ್ಲುತ್ತಾರೆ. ಒಳ್ಳೆ ಕೆಲಸದ ಎರಡು ಸಾಲು ಗ್ರೂಪಿಗೆ ಹಾಕಿ, ಸಾಕು. ಅದನ್ನೂ ಪಾಳಿ ಮುಗಿದು ಮಲಗಿದವರ ಫೋನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಕಳಿಸಬೇಡಿ.

ಫಲ ಸಿಗುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಮೊದಲ ವಾರ ತೆಗೆದಿಟ್ಟ ಅಂಕಿಗಳಿಗೆ ಹೋಲಿಸಿ. ಗೈರುಹಾಜರಿ ಲೆಕ್ಕ: 80 ಜನ, 26 ದಿನ ಎಂದರೆ 2,080 ಮಾನವ ದಿನ. ಅದರಲ್ಲಿ 125 ತಪ್ಪಿದ್ದರೆ ಶೇ 6. ನವೆಂಬರನ್ನು ಅಕ್ಟೋಬರಿಗೆ ಹೋಲಿಸಬೇಡಿ. ಹಿಂದಿನ ವರ್ಷದ ನವೆಂಬರಿಗೆ ಹೋಲಿಸಿ, ಇಲ್ಲವಾದರೆ ರಾಗಿ ಕೊಯ್ಲು ನಿಮ್ಮ ಯೋಜನೆಯ ಸೋಲಿನಂತೆ ಕಾಣುತ್ತದೆ.

ಮೊದಲು ಏರುವುದು ಸಲಹೆಗಳು ಮತ್ತು ಸುರಕ್ಷತಾ ವರದಿಗಳು, ಒಂದೆರಡು ತಿಂಗಳಲ್ಲೇ. ನಂತರ ರಿಜೆಕ್ಷನ್ ಇಳಿಯಬೇಕು. ಕೆಲಸ ಬಿಡುವವರ ಸಂಖ್ಯೆ ಬದಲಾಗಲು ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ. ಪಕ್ಕದ ದೊಡ್ಡ ಕಾರ್ಖಾನೆ ₹3,000 ಹೆಚ್ಚು ಕೊಟ್ಟರೆ ಮೆಚ್ಚುಗೆ ಯಾರನ್ನೂ ತಡೆದು ನಿಲ್ಲಿಸುವುದಿಲ್ಲ, ಅದನ್ನು ನಿರೀಕ್ಷಿಸುವುದೂ ತಪ್ಪು. ₹500ರ ವ್ಯತ್ಯಾಸಕ್ಕೆ ಹೋಗುವವರು ನಿಲ್ಲಬಹುದು. ಸಲಹೆಗಳ ಸಂಖ್ಯೆಯೇ ಏರದಿದ್ದರೆ ಹಿಂದೆ ಬಂದ ಸಲಹೆಗಳಿಗೆ ಉತ್ತರ ಹೋಗಿದೆಯೇ ನೋಡಿ. ಏಳು ದಿನದೊಳಗೆ 'ಆಗುತ್ತದೆ' ಅಥವಾ 'ಈ ಕಾರಣಕ್ಕೆ ಆಗುವುದಿಲ್ಲ' ಎಂದು ತಿಳಿಸದಿದ್ದರೆ ಎರಡನೇ ಸಲಹೆ ಬರುವುದಿಲ್ಲ.

ಸರ್ಕಾರದ ಪ್ರಶಸ್ತಿಗಳಿಗೆ ನಮ್ಮವರ ಹೆಸರು ಕಳಿಸಬಹುದೇ?

1985ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಶ್ರಮ ಪ್ರಶಸ್ತಿಗಳಲ್ಲಿ ಶ್ರಮ ರತ್ನ, ಶ್ರಮ ಭೂಷಣ, ಶ್ರಮ ವೀರ ಅಥವಾ ವೀರಾಂಗನಾ, ಶ್ರಮ ಶ್ರೀ ಅಥವಾ ಶ್ರಮ ದೇವಿ ಎಂಬ ದರ್ಜೆಗಳಿವೆ. ಖಾಸಗಿ ವಲಯದಲ್ಲಿ 500 ಅಥವಾ ಹೆಚ್ಚು ಕಾರ್ಮಿಕರಿರುವ ಉತ್ಪಾದನಾ ಘಟಕಗಳಿಗಷ್ಟೇ ಅದು ಅನ್ವಯ. ರಾಜ್ಯ ಸರ್ಕಾರಿ ನೌಕರರಿಗೆ ಏಪ್ರಿಲ್ 21ರ ಸರ್ಕಾರಿ ನೌಕರರ ದಿನದಂದು ಕೊಡುವ ಸರ್ವೋತ್ತಮ ಸೇವಾ ಪ್ರಶಸ್ತಿ ಜಿಲ್ಲಾ ಮಟ್ಟದಲ್ಲೂ ಇದೆ. ಯಾವುದಕ್ಕೇ ಆಗಲಿ ಅರ್ಜಿಯಲ್ಲಿ ಕೇಳುವುದು ಏನು ಮಾಡಿದರು, ಎಷ್ಟು ಉಳಿಯಿತು ಎಂಬ ದಾಖಲೆ. ನಾಲ್ಕು ಕಾಲಂ ಪುಸ್ತಕ ಇಲ್ಲಿ ಕೈಹಿಡಿಯುತ್ತದೆ.

ಶುರು ಮಾಡಿ ಮಧ್ಯದಲ್ಲಿ ನಿಲ್ಲಿಸಿದರೆ?

ಶುರು ಮಾಡದೇ ಇದ್ದುದಕ್ಕಿಂತ ಕೆಟ್ಟದ್ದು. ಆರ್ಡರ್ ಕಡಿಮೆಯಾಗಿ ದುಡ್ಡು ಬಿಗಿಯಾದರೆ ಉಡುಗೊರೆ ನಿಲ್ಲಿಸುತ್ತಿದ್ದೇವೆ, ಯಾವಾಗ ಮತ್ತೆ ನೋಡುತ್ತೇವೆ ಎಂದು ಪಾಳಿ ಸಭೆಯಲ್ಲಿ ನೇರವಾಗಿ ಹೇಳಿ. ಪುಸ್ತಕ ಮತ್ತು ಮಾತು ಮುಂದುವರಿಯಲಿ, ಅವಕ್ಕೆ ಖರ್ಚಿಲ್ಲ. ಸೂಪರ್‌ವೈಸರ್ ಬದಲಾದಾಗ ಹಳೆಯ ಪುಸ್ತಕವನ್ನು ಹೊಸಬರ ಕೈಗೆ ಚಾರ್ಜ್ ಪಟ್ಟಿಯ ಜೊತೆಯಲ್ಲೇ ಹಸ್ತಾಂತರಿಸಿ, ಸಹಿ ಹಾಕಿಸಿಕೊಳ್ಳಿ. ಹೆಚ್ಚಿನ ಘಟಕಗಳಲ್ಲಿ ಈ ರೂಢಿ ತಪ್ಪಿಹೋಗುವುದು ಇಂಥ ಬದಲಾವಣೆಯ ಹೊತ್ತಿನಲ್ಲೇ.